ಹಳೆಯ ಕಾರಿಗೆ ಟರ್ಬೊವಾ, ಸೂಪರ್‌ಚಾರ್ಜರಾ? ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಎಸ್ಟೀಮ್, ಝೆನ್, ಸಿಟಿ, ಪದ್ಮಿನಿಗಳನ್ನು ಮಾರಲು ಮನಸ್ಸು ಬಾರದೆ ಇಟ್ಟುಕೊಂಡವರು ಮಂಗಳೂರು, ಉಡುಪಿ ಕಡೆ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಆಗುಂಬೆ ಹತ್ತುವಾಗ ಹಿಂದಿನಿಂದ ಹೊಸ ಕಾರೊಂದು ಹಾರ್ನ್ ಹೊಡೆದು ಸಲೀಸಾಗಿ ದಾಟಿ ಹೋಗುತ್ತದಲ್ಲ, ಆ ಗಳಿಗೆಯಲ್ಲೇ ಈ ಹುಚ್ಚು ಹುಟ್ಟುವುದು. ನನಗೂ ಹುಟ್ಟಿತ್ತು. ಅದಕ್ಕೆ ಕೊಟ್ಟ ಬೆಲೆ ಒಂದು ಎಂಜಿನ್. ಆಮೇಲೆ ಓದಿದ್ದು, ಬಿಚ್ಚಿ ನೋಡಿದ್ದು, ಬಲ್ಲವರಿಂದ ಬೈಸಿಕೊಂಡು ಕಲಿತದ್ದು ಎಲ್ಲ ಸೇರಿ ಈ ಉತ್ತರಗಳಾಗಿವೆ.

ಎರಡೂ ಗಾಳಿ ತುಂಬುವ ಪಂಪೇ ಅಲ್ವಾ? ವ್ಯತ್ಯಾಸ ಎಂತ?

ಪಂಪೇ. ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಕೊಡುವುದು ದೊಡ್ಡ ಕೆಲಸವಲ್ಲ, ಅದನ್ನು ಸುಡಲು ಬೇಕಾದ ಗಾಳಿ ಒಳಗೆ ಹೋಗುವುದೇ ಕಷ್ಟ. ಸಾಮಾನ್ಯ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗಿಳಿದಾಗ ಹೊರಗಿನ ವಾತಾವರಣದ ಒತ್ತಡ, ಅಂದರೆ 14.7 ಪೌಂಡ್ (ಟಯರಿಗೆ ಮೂವತ್ತು ಪೌಂಡ್ ಹಾಕಿ ಎನ್ನುತ್ತೇವಲ್ಲ, ಅದೇ ಪೌಂಡ್), ಗಾಳಿಯನ್ನು ಒಳಗೆ ತಳ್ಳುತ್ತದೆ. ಅದಕ್ಕಿಂತ ಹೆಚ್ಚು ತುರುಕಬೇಕಾದರೆ ಪಂಪ್ ಬೇಕು. ಪಂಪನ್ನು ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ನಿಂದ ಬೆಲ್ಟ್ ಹಾಕಿ ತಿರುಗಿಸಿದರೆ ಸೂಪರ್‌ಚಾರ್ಜರ್. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯಿಂದ ತಿರುಗಿಸಿದರೆ ಟರ್ಬೊ.

ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನವ ಗೇರ್ ಬದಲಿಸಿ ಎಳೆಯುವಾಗ ಸಿಳ್ಳು ಹಾಕಿದಂತೆ ಕೇಳಿಸುವುದು ಟರ್ಬೊ. ಸೂಪರ್‌ಚಾರ್ಜರ್ ನಮ್ಮ ರಸ್ತೆಯಲ್ಲಿ ಅಪರೂಪ. ಆದರೆ ಇಬ್ಬರಲ್ಲಿ ಅದೇ ಹಿರಿಯ. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು ತಮ್ಮ ಬ್ಲೋವರ್‌ಗೆ ಪೇಟೆಂಟ್ ಪಡೆದದ್ದು 1860ರಲ್ಲಿ, ಕಾರೇ ಇಲ್ಲದ ಕಾಲದಲ್ಲಿ. ಅದು ಕುಲುಮೆಗೆ, ಗಣಿಗೆ ಗಾಳಿ ಊದುವ ಯಂತ್ರವಾಗಿತ್ತು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ ಹೊಗೆಯಿಂದ ತಿರುಗುವ ಪಂಪಿಗೆ ಪೇಟೆಂಟ್ ಪಡೆದದ್ದು 1905ರಲ್ಲಿ. ಪೆಟ್ರೋಲ್ ಕಾರಿನಲ್ಲಿ ಅದು ಮಾರಾಟಕ್ಕೆ ಬರಲು 1962ರವರೆಗೆ ಕಾಯಬೇಕಾಯಿತು.

ಟರ್ಬೊದ ಶಕ್ತಿ ಪುಕ್ಕಟೆ, ಸೂಪರ್‌ಚಾರ್ಜರ್ ಎಂಜಿನ್‌ನಿಂದಲೇ ಕಿತ್ತುಕೊಳ್ಳುತ್ತದೆ ಅಂತಾರೆ. ನಿಜವಾ?

ಮುಕ್ಕಾಲು ಪಾಲು ನಿಜ. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಟರ್ಬೊ ಅದರಲ್ಲಿ ಸ್ವಲ್ಪ ಹಿಡಿಯುತ್ತದೆ. ಆದರೆ ಹೊಗೆಯ ದಾರಿಗೆ ಅಡ್ಡ ಕೂತಿರುವುದರಿಂದ ಪಿಸ್ಟನ್ ಅದನ್ನು ಒತ್ತಿ ತಳ್ಳಬೇಕು. ಆ ಬಾಡಿಗೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಸೂಪರ್‌ಚಾರ್ಜರಿನ ಬಾಡಿಗೆ ಎಷ್ಟು? 1298 ಸಿಸಿಯ ಎಸ್ಟೀಮ್ ಎಂಜಿನ್‌ಗೆ 6 ಪೌಂಡ್ ಬೂಸ್ಟ್ (ವಾತಾವರಣದ ಒತ್ತಡದ ಮೇಲೆ ಪಂಪ್ ಸೇರಿಸುವ ಒತ್ತಡ) ಕೊಟ್ಟು 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) ಓಡಿಸಿದರೆ ಗಾಳಿ ಒತ್ತುವುದಕ್ಕೇ ಐದಾರು ಅಶ್ವಶಕ್ತಿ ಬೇಕು ಎಂದು ನನ್ನ ಲೆಕ್ಕ. ಬೆಲ್ಟು, ಬೇರಿಂಗುಗಳ ಪಾಲು ಬೇರೆ. ಕೊಟ್ಟದ್ದಕ್ಕಿಂತ ಹೆಚ್ಚು ವಾಪಸ್ಸು ಬರುತ್ತದೆ. ಆದರೆ ಆ ಬಾಡಿಗೆಯಿಂದಾಗಿ ಮೈಲೇಜು ಇಳಿಯುತ್ತದೆ.

ನಮ್ಮ ಸೆಕೆಗೆ ಯಾವುದು ತಡೆಯುತ್ತದೆ?

ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕೇಳುವವರು ಕಡಿಮೆ. ಎಲ್ಲರಿಗೂ ಮೊದಲು ಬೇಕಾದದ್ದು ಅಶ್ವಶಕ್ತಿಯ ಲೆಕ್ಕ.

ಸೈಕಲ್ ಪಂಪ್ ಹೊಡೆಯುವಾಗ ಅದರ ತುದಿ ಬಿಸಿಯಾಗುವುದು ನಿಮಗೆ ಗೊತ್ತು. ಇಲ್ಲಿಯೂ ಅದೇ ನಡೆಯುತ್ತದೆ. ಏಪ್ರಿಲ್‌ನ ಮಧ್ಯಾಹ್ನ ಹೊರಗೆ 35 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. 7 ಪೌಂಡ್ ಬೂಸ್ಟ್ ಕೊಟ್ಟರೆ ಒಳ್ಳೆಯ ಟರ್ಬೊದಿಂದ ಹೊರಬರುವ ಗಾಳಿ 90 ಡಿಗ್ರಿ ಹತ್ತಿರ ಇರುತ್ತದೆ. ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್ ಆದರೆ 105 ದಾಟುತ್ತದೆ, ಏಕೆಂದರೆ ಅದು ಗಾಳಿಯನ್ನು ಒಳಗೇ ಹಿಂಡುವುದಿಲ್ಲ, ಕೇವಲ ಮುಂದಕ್ಕೆ ದೂಡುತ್ತದೆ. ದಕ್ಷತೆ ಕಡಿಮೆ, ಬಿಸಿ ಜಾಸ್ತಿ. ಎರಡು ಸ್ಕ್ರೂ ಇರುವ ಮಾದರಿ ಇದಕ್ಕಿಂತ ತಂಪು, ಆದರೆ ದುಬಾರಿ.

ಬಿಸಿ ಗಾಳಿಯಿಂದ ಎರಡು ತೊಂದರೆ. ಮೊದಲನೆಯದಾಗಿ, ಬಿಸಿಯಾದಷ್ಟೂ ಗಾಳಿ ತೆಳುವಾಗುತ್ತದೆ, ಗಾಳಿ ತುಂಬಿಸಿದ ಪ್ರಯೋಜನವೇ ಕರಗುತ್ತದೆ. ಎರಡನೆಯದು ಅಪಾಯದ್ದು, ನಾಕಿಂಗ್. ಸ್ಪಾರ್ಕ್ ಹಚ್ಚಿದ ಜ್ವಾಲೆ ತಲುಪುವ ಮುಂಚೆಯೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಹತ್ತಿಕೊಂಡು ಸಿಡಿಯುತ್ತದೆ. ಸುತ್ತಿಗೆಯಲ್ಲಿ ಹೊಡೆದಂತೆ ಪಿಸ್ಟನ್ ಮೇಲೆ ಪೆಟ್ಟು ಬೀಳುತ್ತದೆ.

ಅದಕ್ಕೇ ಇಂಟರ್‌ಕೂಲರ್, ಅಂದರೆ ಪಂಪಿನಿಂದ ಬಂದ ಬಿಸಿ ಗಾಳಿಯನ್ನು ತಂಪು ಮಾಡುವ ರೇಡಿಯೇಟರಿನಂಥ ಪೆಟ್ಟಿಗೆ. ಇಂಟರ್‌ಕೂಲರ್ ಇಲ್ಲದೆ ಕರಾವಳಿಯಲ್ಲಿ 5 ಪೌಂಡಿಗಿಂತ ಮೇಲೆ ಹೋಗಬಾರದು ಎನ್ನುವುದು ನನ್ನ ಹಠ. ಇದ್ದರೂ ನಂತೂರಿನಲ್ಲೋ ಪಂಪ್‌ವೆಲ್‌ನಲ್ಲೋ ಹತ್ತು ನಿಮಿಷ ನಿಂತರೆ ಅದೂ ಕೆಂಡದ ಹಾಗೆ ಬಿಸಿಯಾಗುತ್ತದೆ. ಒಂದರ ಹಿಂದೆ ಒಂದಾಗಿ ಅದು, ಎಸಿ ಕಂಡೆನ್ಸರ್, ರೇಡಿಯೇಟರ್. ಮೂರಕ್ಕೂ ಒಂದೇ ಗಾಳಿ. ಟರ್ಬೊ ಹಾಕಿದ ಕಾರಿನ ಬಾನೆಟ್ ಒಳಗೆ ಬಿಸಿಯ ಮೂಲ ಇನ್ನೊಂದು ಹೆಚ್ಚಾಗುತ್ತದೆ, ಏಕೆಂದರೆ ಹೊಗೆಯ ಕೋಣೆಯೇ ಅಲ್ಲಿ ಕೂತಿರುತ್ತದೆ. ಪಕ್ಕದ ವೈರು, ಹೋಸುಗಳಿಗೆ ಬಿಸಿ ತಡೆಯುವ ಹೊದಿಕೆ ಹಾಕದಿದ್ದರೆ ಮೊದಲು ಸಾಯುವುದು ಅವೇ.

ತೇವವೂ ಲೆಕ್ಕಕ್ಕಿದೆ. 32 ಡಿಗ್ರಿ, ಶೇ. 80 ಆರ್ದ್ರತೆ ಇರುವ ದಿನ ನಾವು ಉಸಿರಾಡುವ ಗಾಳಿಯಲ್ಲಿ ಶೇ. 3ರಿಂದ 4ರಷ್ಟು ಜಾಗವನ್ನು ನೀರಿನ ಆವಿಯೇ ಹಿಡಿದಿರುತ್ತದೆ. ಅಷ್ಟು ಆಮ್ಲಜನಕ ಖೋತಾ. ಆ ಆವಿ ನಾಕಿಂಗ್ ಅನ್ನು ಚೂರು ತಗ್ಗಿಸುತ್ತದೆ ಎನ್ನುವುದೊಂದೇ ಸಮಾಧಾನ.

ಘಾಟಿ ಹತ್ತಲು ಯಾವುದು ಒಳ್ಳೆಯದು?

ಸೂಪರ್‌ಚಾರ್ಜರ್. ಇದರಲ್ಲಿ ನನಗೆ ಅನುಮಾನವಿಲ್ಲ.

ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವುಗಳಿವೆ. ಪ್ರತಿ ತಿರುವಿನಲ್ಲಿ ಕಾರು ನಿಂತಂತೆ ಆಗಿ, ಎಂಜಿನ್ 1500ಕ್ಕೆ ಇಳಿದು, ಮತ್ತೆ ಎಳೆಯಬೇಕು. ಟರ್ಬೊ ಹಾಕಿದ ಹಳೆಯ ಎಂಜಿನ್‌ನಲ್ಲಿ ಆಕ್ಸಿಲೇಟರ್ ಒತ್ತಿದಾಗ ಹೊಗೆ ಹೆಚ್ಚಬೇಕು, ಆಮೇಲೆ ಟರ್ಬೊ ಸುತ್ತಬೇಕು, ಆಮೇಲೆ ಪಿಕಪ್ ಬರಬೇಕು. ಅಷ್ಟರಲ್ಲಿ ಮುಂದಿನ ತಿರುವು ಬಂದಾಯಿತು. ಬೆಲ್ಟಿನಿಂದ ತಿರುಗುವ ರೂಟ್ಸ್ ಬ್ಲೋವರ್ 1500ರಲ್ಲೂ ಬೂಸ್ಟ್ ಕೊಡುತ್ತದೆ. 1.3 ಲೀಟರ್ ಕಾರು 1.8ರ ಹಾಗೆ ಎಳೆಯುತ್ತದೆ.

ಆದರೆ ಎಲ್ಲ ಸೂಪರ್‌ಚಾರ್ಜರ್ ಹೀಗಲ್ಲ. ಬಸವನಹುಳದ ಚಿಪ್ಪಿನಂತೆ ಕಾಣುವ ಸೆಂಟ್ರಿಫ್ಯೂಗಲ್ ಮಾದರಿಯೂ ಬೆಲ್ಟಿನಿಂದಲೇ ತಿರುಗುತ್ತದೆ, ಆದರೆ ಅದರ ಬೂಸ್ಟ್ ಏರುವುದು ಆರ್‌ಪಿಎಂ ಏರಿದಂತೆ. ಘಾಟಿಗೆ ಅದನ್ನು ಕೊಂಡರೆ ದುಡ್ಡು ದಂಡ. ಯಾರಾದರೂ ಬರೀ ‘ಸೂಪರ್‌ಚಾರ್ಜರ್ ಉಂಟು’ ಎಂದರೆ ಯಾವ ಜಾತಿಯದ್ದು ಎಂದು ಕೇಳಿ.

ಟರ್ಬೊ ಪರವಾಗಿ ಒಂದು ಮಾತು. ಆಗುಂಬೆಯ ಎತ್ತರ ಸುಮಾರು 650 ಮೀಟರ್. ಅಲ್ಲಿ ಗಾಳಿಯ ಒತ್ತಡ ಮಲ್ಪೆಗಿಂತ ಶೇ. 7ರಷ್ಟು ಕಡಿಮೆ. ಆ ಕೊರತೆಯನ್ನು ಟರ್ಬೊ ಇನ್ನಷ್ಟು ವೇಗವಾಗಿ ಸುತ್ತಿ ತಾನೇ ತುಂಬಿಕೊಳ್ಳುತ್ತದೆ. ಬೆಲ್ಟಿನ ಪಂಪ್ ತುಂಬಿಕೊಳ್ಳಲಾರದು.

ಹೆದ್ದಾರಿ ಓಡಾಟಕ್ಕೆ?

ಸುರತ್ಕಲ್–ಕುಂದಾಪುರ ನಡುವೆ ಒಂದೇ ವೇಗದಲ್ಲಿ ಹೋಗುವವರಿಗೆ ಸಣ್ಣ ಟರ್ಬೊ. ನಿಧಾನ ಹೋಗುವಾಗ ಅದು ಮಲಗಿರುತ್ತದೆ, ಪೆಟ್ರೋಲ್ ಕುಡಿಯುವುದಿಲ್ಲ.

ನನ್ನದು ಪದ್ಮಿನಿ. ಕಾರ್ಬುರೇಟರ್. ಟರ್ಬೊ ಹಾಕಬಹುದಾ?

ಹಾಕಬಹುದು. ಹಾಕಬೇಡಿ.

ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇದ್ದಾಗ ಎರಡು ದಾರಿಗಳುಂಟು. ಪಂಪಿನ ನಂತರ ಕಾರ್ಬುರೇಟರ್ ಇಟ್ಟರೆ ಒತ್ತಡದ ಗಾಳಿ ಅದರೊಳಗೆ ಹಾಯುತ್ತದೆ. ಹಳೆಯ ಡಯಾಫ್ರಾಂ ಪೆಟ್ರೋಲ್ ಪಂಪಿನ ಒತ್ತಡ ಮೂರ್ನಾಲ್ಕು ಪೌಂಡ್ ಮಾತ್ರ. ಬೂಸ್ಟ್ 6 ಪೌಂಡ್ ಆದರೆ ಕಾರ್ಬುರೇಟರಿಗೆ ಪೆಟ್ರೋಲ್ ಇಳಿಯುವುದೇ ಇಲ್ಲ. ಹೆಚ್ಚು ಪೆಟ್ರೋಲ್ ಬೇಕಾದ ಗಳಿಗೆಯಲ್ಲೇ ಎಂಜಿನ್ ಒಣಗುತ್ತದೆ. ಇನ್ನೊಂದು ದಾರಿ, ಪಂಪಿನ ಮುಂಚೆ ಕಾರ್ಬುರೇಟರ್. ಬ್ರಿಟಿಷ್ ಕಾಲದ ಸೂಪರ್‌ಚಾರ್ಜರ್ ಕಾರುಗಳಲ್ಲಿ ಇದೇ ಇತ್ತು, ಕೆಲಸವೂ ಮಾಡುತ್ತದೆ. ಆದರೆ ಪೆಟ್ರೋಲ್ ಬೆರೆತ ಗಾಳಿಯನ್ನು ಇಂಟರ್‌ಕೂಲರಿಗೆ ಕಳಿಸಿದರೆ ಪೆಟ್ರೋಲ್ ಅಲ್ಲೇ ಕೆಳಗೆ ನಿಲ್ಲುತ್ತದೆ, ಬೆಂಕಿಯ ಭಯ. ಹಾಗಾಗಿ ಇಂಟರ್‌ಕೂಲರ್ ಇಲ್ಲ, ಬೂಸ್ಟ್ ನಾಲ್ಕೈದು ಪೌಂಡಿಗೆ ಸೀಮಿತ.

ಅದೂ ಅಲ್ಲದೆ ಪದ್ಮಿನಿಯ 1089 ಸಿಸಿ ಎಂಜಿನ್ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್. ಅಂಬಾಸಿಡರಿನ ಹಳೆಯ 1489 ಸಿಸಿ ಎಂಜಿನ್‌ಗೂ ಮೂರೇ. ನಾಲ್ಕು ಸಿಲಿಂಡರಿನ ಪೆಟ್ಟನ್ನು ಮೂರು ಕಾಲು ಹೊರಬೇಕು. ಡ್ರಮ್ ಬ್ರೇಕ್ ಇರುವ ಕಾರನ್ನು ಜೋರಾಗಿ ಓಡಿಸಿ ನಿಲ್ಲಿಸುವುದು ಹೇಗೆ ಎನ್ನುವ ಪ್ರಶ್ನೆ ಬೇರೆಯೇ. ಆ ದುಡ್ಡಿನಲ್ಲಿ ಹೊಸ ಬೋರು, ರಿಂಗು, ಒಳ್ಳೆಯ ಇಗ್ನಿಷನ್ ಮಾಡಿಸಿ. ಪದ್ಮಿನಿಯ ಸೊಗಸು ಅದರ ವೇಗದಲ್ಲಿ ಯಾವತ್ತೂ ಇರಲಿಲ್ಲ ಮಾರಾಯ್ರೆ.

ಎಂಪಿಎಫ್‌ಐ ಎಸ್ಟೀಮ್, ಸಿಟಿ, ಐಕಾನ್ ಆದರೆ?

ಇವು ಯೋಗ್ಯ ಅಭ್ಯರ್ಥಿಗಳು. ಕಾರ್ಬುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇದೆ (ಎಂಪಿಎಫ್‌ಐ ಎಂದರೆ ಅದೇ), ಅದರ ಬಾಯಿ ಎಷ್ಟು ಹೊತ್ತು ತೆರೆದಿರಬೇಕು ಎಂದು ಹೇಳುವ ಇಸಿಯು ಎಂಬ ಕಂಪ್ಯೂಟರ್ ಇದೆ. ಸಮಸ್ಯೆಯೆಂದರೆ ಆ ಇಸಿಯುಗೆ ಬೂಸ್ಟ್ ಎಂಬ ಪದವೇ ಗೊತ್ತಿಲ್ಲ. ವಾತಾವರಣದ ಒತ್ತಡಕ್ಕಿಂತ ಮೇಲಿನದ್ದು ಅದರ ಪಟ್ಟಿಯಲ್ಲಿಲ್ಲ.

ನನ್ನ ಎಸ್ಟೀಮ್‌ಗೆ ಆದದ್ದು ಇದೇ. ಗುಜರಿಯಿಂದ ತಂದ ಟರ್ಬೊ, ಚಂದ ಬೆಸುಗೆ ಹಾಕಿದ ಪೈಪು, ಹೊಳೆಯುವ ಇಂಟರ್‌ಕೂಲರ್. ಇಸಿಯು ಹಳೆಯದೇ, ಸ್ಪಾರ್ಕ್ ಹೊಡೆಯುವ ಗಳಿಗೆ, ಅಂದರೆ ಟೈಮಿಂಗ್, ಕಂಪೆನಿಯದ್ದೇ. ಮಾಡಿಕೊಟ್ಟವರು ‘ಏನೂ ಆಗುವುದಿಲ್ಲ, ಆರಾಮ ಓಡಿಸಿ’ ಎಂದಿದ್ದರು. ಮೂರು ವಾರ ಆರಾಮವೇ ಇತ್ತು. ನಾಲ್ಕನೇ ವಾರ ಸೋಮೇಶ್ವರ ದಾಟಿ ನಾಲ್ಕನೇ ತಿರುವಿನಲ್ಲಿ ಡಬ್ಬಿಯೊಳಗೆ ಹರಳು ಅಲುಗಾಡಿಸಿದ ಶಬ್ದ. ಆರನೇ ತಿರುವಿನಲ್ಲಿ ಹಿಂದೆ ನೀಲಿ ಹೊಗೆ. ಬಿಚ್ಚಿದಾಗ ಮೂರನೇ ಪಿಸ್ಟನ್‌ನ ರಿಂಗ್ ಕೂರುವ ಅಂಚೇ ಮುರಿದು, ಆ ಚೂರು ಬೋರನ್ನು ಉಳುಮೆ ಮಾಡಿತ್ತು. ಹೆಬ್ರಿಗೆ ಪಿಕಪ್ ವಾಹನದಲ್ಲಿ ಇಳಿಸಿ ತಂದೆವು. ಆ ಟರ್ಬೊ ಈಗ ನಮ್ಮ ಜಗಲಿಯಲ್ಲಿ ಪೇಪರ್ ಹಾರದಂತೆ ಕೂತಿದೆ. ಕಾರಿನಲ್ಲಿ ಕಂಪೆನಿಯ ಎಂಜಿನ್.

ಆದ್ದರಿಂದ ಪಟ್ಟಿಯಲ್ಲಿ ಟರ್ಬೊಗಿಂತ ಮೇಲೆ ಬರೆಯಬೇಕಾದವು: ಟ್ಯೂನ್ ಮಾಡಬಹುದಾದ ಇಸಿಯು, ದೊಡ್ಡ ಇಂಜೆಕ್ಟರ್, ಪೆಟ್ರೋಲ್ ಪಂಪ್, ಮಿಶ್ರಣದಲ್ಲಿ ಗಾಳಿ, ಪೆಟ್ರೋಲ್ ಎಷ್ಟೆಷ್ಟು ಎಂದು ತೋರಿಸುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್. ಬೂಸ್ಟ್‌ನಲ್ಲಿರುವಾಗ ಗಾಳಿ–ಪೆಟ್ರೋಲ್ ಅನುಪಾತ 11.5ರಿಂದ 12ರ ಆಸುಪಾಸಿನಲ್ಲಿ ಇರಬೇಕು. ಟೈಮಿಂಗ್ ಅನ್ನು ಪೌಂಡಿಗೆ ಒಂದು ಡಿಗ್ರಿಯಂತೆ ಹಿಂದೆ ತರುವುದು ಹಳೆಯವರ ಅಂದಾಜು, ಶುರುಮಾಡಲು ಅದು ಸಾಕು. ಇಸಿಯು, ಟ್ಯೂನಿಂಗ್, ಪೈಪುಗಳ ಮುಂದೆ ಟರ್ಬೊದ ಬೆಲೆ ಸಣ್ಣದು. ಯಾರಾದರೂ ಬರೀ ಟರ್ಬೊ ಬೆಲೆ ಹೇಳಿದರೆ ಅರ್ಧ ಬಿಲ್ಲು ಮುಚ್ಚಿಟ್ಟಿದ್ದಾರೆಂದೇ ಅರ್ಥ.

ಗುಜರಿಯಲ್ಲಿ ಸ್ವಿಫ್ಟ್ ಡೀಸೆಲಿನ ಟರ್ಬೊ ಅಗ್ಗಕ್ಕೆ ಸಿಗುತ್ತದೆ. ತರಲಾ?

ಗಾತ್ರ ಹೊಂದುತ್ತದೆ, ಅದಕ್ಕೇ ಎಲ್ಲರ ಕಣ್ಣು ಅದರ ಮೇಲೆ. ಆದರೆ ಡೀಸೆಲ್ ಹೊಗೆ ಪೆಟ್ರೋಲ್ ಹೊಗೆಗಿಂತ ತಂಪು. ಪೆಟ್ರೋಲ್ ಎಂಜಿನ್ ಜೋರಾಗಿ ಎಳೆಯುವಾಗ ಹೊಗೆ 900 ಡಿಗ್ರಿ ಮುಟ್ಟುತ್ತದೆ. ಡೀಸೆಲ್ ಟರ್ಬೊದ ಲೋಹವನ್ನು ಅಷ್ಟಕ್ಕೆಂದು ಮಾಡಿರುವುದಿಲ್ಲ. ಒಂದೆರಡು ನಿಮಿಷ ತಡೆದೀತು, ಶಿರಾಡಿ ಘಾಟಿ ಪೂರ್ತಿ ಎಳೆದರೆ ಕಷ್ಟ. ಒಳಗೆ ಅಲುಗಾಡುವ ಎಲೆಗಳಿರುವ ಮಾದರಿಯನ್ನಂತೂ ಮುಟ್ಟಬೇಡಿ, ಆ ಬಿಸಿಗೆ ಎಲೆ ಸಿಕ್ಕಿಹಾಕಿಕೊಳ್ಳುತ್ತದೆ.

ಹಳೆಯ ಟರ್ಬೊ ಯಾವುದೇ ಇರಲಿ, ಶಾಫ್ಟ್ ಹಿಡಿದು ಅಡ್ಡಕ್ಕೂ ಉದ್ದಕ್ಕೂ ಅಲುಗಾಡಿಸಿ ನೋಡಿ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತುವ ವಸ್ತು ಅದು. ಅಡ್ಡಕ್ಕೆ ಕೂದಲೆಳೆಯಷ್ಟು ಆಟ ಸಹಜ, ಉದ್ದಕ್ಕೆ ಆಟ ಕಂಡರೆ ವಾಪಸ್ಸು ಇಟ್ಟು ಬನ್ನಿ.

ಆಯಿಲ್ ವಾಪಸ್ಸು ಬರುವ ಪೈಪ್ ದಪ್ಪವಾಗಿರಲಿ, ಇಳಿಜಾರಾಗಿರಲಿ, ಚೇಂಬರಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಲಿ. ಒಳಗೆ ಒತ್ತಡದಲ್ಲಿ ಹೋಗುವ ಆಯಿಲ್ ಹೊರಬರುವುದು ತನ್ನ ಭಾರದಿಂದ ಮಾತ್ರ. ಇಲ್ಲಿ ತಪ್ಪಿದರೆ ಹೊಸ ಟರ್ಬೊವೂ ಹೊಗೆ ಬಿಡುತ್ತದೆ, ಬೈಗಳು ತಿನ್ನುವುದು ಪಾಪ ಟರ್ಬೊ.

ಎಷ್ಟು ಪೌಂಡ್ ಬೂಸ್ಟ್ ಇಡಬಹುದು?

ಒಳಭಾಗ ಬಿಚ್ಚದ ಹಳೆಯ ಎಂಜಿನ್‌ಗೆ ಐದಾರು ಸಾಕು. ಎಲ್ಲ ಸರಿಯಿದ್ದರೆ ಶಕ್ತಿ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಹೆಚ್ಚುತ್ತದೆ. ಹೆಚ್ಚಿಸುವುದು ಟರ್ಬೊದಲ್ಲಿ ಬಲು ಸುಲಭ, ಹೆಚ್ಚಾದ ಹೊಗೆಯನ್ನು ಬದಿಗೆ ಬಿಡುವ ವೇಸ್ಟ್‌ಗೇಟ್ ಸ್ವಲ್ಪ ಬಿಗಿ ಮಾಡಿದರಾಯಿತು. ನನ್ನ ಮಟ್ಟಿಗೆ ಅದೇ ಟರ್ಬೊದ ದೊಡ್ಡ ದೋಷ. ಸೂಪರ್‌ಚಾರ್ಜರಿನಲ್ಲಿ ಪುಲ್ಲಿ ಬದಲಿಸಬೇಕು, ಲೇತಿಗೆ ಹೋಗಬೇಕು, ಅಷ್ಟರಲ್ಲಿ ಬುದ್ಧಿ ಬರುತ್ತದೆ.

ಕೆಲಸ ಶುರುಮಾಡುವ ಮುಂಚೆ ಎಂತ ನೋಡಬೇಕು?

ಕಂಪ್ರೆಶನ್ ಟೆಸ್ಟ್. ನಾಲ್ಕು ಸಿಲಿಂಡರಿನಲ್ಲೂ 160ರಿಂದ 180 ಪೌಂಡ್ ಬಂದು, ಒಂದಕ್ಕೊಂದು ಶೇ. 10ಕ್ಕಿಂತ ಹೆಚ್ಚು ಅಂತರ ಇಲ್ಲದಿದ್ದರೆ ಮುಂದಿನ ಮಾತು. ಯಾವುದರಲ್ಲಾದರೂ ಕಡಿಮೆ ಬಂದರೆ ಸ್ಪಾರ್ಕ್ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ರೇಡಿಯೇಟರ್ ಬಿಚ್ಚಿ ತೊಳೆಸಿ. ಕ್ಲಚ್ ಈಗಲೇ ಜಾರುತ್ತಿದ್ದರೆ ಬೂಸ್ಟ್ ಬಂದ ದಿನ ಪೂರ್ತಿ ಕೈಕೊಡುತ್ತದೆ.

ತಮಾಷೆಯೆಂದರೆ, ಈ ರಿಪೇರಿ ಮುಗಿಸಿದ ಎಷ್ಟೋ ಮಂದಿಗೆ ಕಾರಿನ ಎಳೆತ ವಾಪಸ್ಸು ಬಂದು ಟರ್ಬೊ ಆಸೆಯೇ ಹೋಗುತ್ತದೆ.

ಇ20 ಪೆಟ್ರೋಲಿನಿಂದ ಲಾಭವಾ, ನಷ್ಟವಾ?

ಎರಡೂ. ಇ20 ಅಂದರೆ ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನಾಕಿಂಗ್ ತಡೆಯುತ್ತದೆ, ಆವಿಯಾಗುವಾಗ ಗಾಳಿಯನ್ನು ತಂಪು ಮಾಡುತ್ತದೆ. ಬೂಸ್ಟ್ ಇರುವ ಎಂಜಿನ್‌ಗೆ ಇದು ವರ. ಆದರೆ ಶುದ್ಧ ಪೆಟ್ರೋಲಿನ ಒಂದು ಕಿಲೋಗೆ 14.7 ಕಿಲೋ ಗಾಳಿ ಸಾಕಾದರೆ ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಹಳೆಯ ಲೆಕ್ಕದಲ್ಲಿ ಟ್ಯೂನ್ ಮಾಡಿದರೆ ಮಿಶ್ರಣ ತೆಳುವಾಗಿ ಮೇಲೆ ಹೇಳಿದ ಪಿಸ್ಟನ್ ಕಥೆ ಮರುಕಳಿಸುತ್ತದೆ. ಹಳೆಯ ರಬ್ಬರ್ ಹೋಸು, ಗ್ಯಾಸ್ಕೆಟ್‌ಗಳನ್ನು ಎಥೆನಾಲ್ ಮೆತ್ತಗೆ ಮಾಡುತ್ತದೆ, ಮೊದಲೇ ಬದಲಿಸಿ. ಮಳೆಗಾಲ ಪೂರ್ತಿ ಕಾರು ಶೆಡ್ಡಿನಲ್ಲಿ ನಿಲ್ಲಿಸುವವರು ಟ್ಯಾಂಕ್ ಅರೆಬರೆ ಬಿಡಬೇಡಿ. ಎಥೆನಾಲ್ ತೇವ ಎಳೆದುಕೊಳ್ಳುತ್ತದೆ, ಹೆಚ್ಚಾದರೆ ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ.

ಮಳೆಗಾಲದಲ್ಲಿ ತೊಂದರೆ ಉಂಟಾ?

ತಂಪು ಗಾಳಿ ಸಿಗಲೆಂದು ಏರ್ ಫಿಲ್ಟರನ್ನು ಬಂಪರ್ ಒಳಗೆ ಇಳಿಸುವ ಚಾಳಿ ಕೆಲವರಿಗುಂಟು. ಜೂನ್‌ನಲ್ಲಿ ಕೊಟ್ಟಾರ ಚೌಕಿಯ ನೀರಿನಲ್ಲಿ ಒಮ್ಮೆ ಹೋದರೆ ಎಂಜಿನ್ ನೀರು ಕುಡಿಯುತ್ತದೆ, ನೀರು ಒತ್ತಿದರೂ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಫಿಲ್ಟರ್ ಹೆಡ್‌ಲೈಟಿಗಿಂತ ಮೇಲಿರಲಿ. ಸೂಪರ್‌ಚಾರ್ಜರ್ ಬೆಲ್ಟ್ ಒದ್ದೆಯಾದರೆ ಜಾರಿ ಕಿರುಚುತ್ತದೆ, ಅಡಿಯಲ್ಲಿ ತಗಡಿನ ಮರೆ ಬೇಕು. ಪಣಂಬೂರು, ಮಲ್ಪೆ ಬದಿಯ ಉಪ್ಪುಗಾಳಿಗೆ ಸಾದಾ ಉಕ್ಕಿನ ಮ್ಯಾನಿಫೋಲ್ಡ್ ಬೇಗ ತುಕ್ಕು ಹಿಡಿಯುತ್ತದೆ. ಎರಕದ ಕಬ್ಬಿಣ ಭಾರವಾದರೂ ಬಾಳುತ್ತದೆ.

ಆರ್‌ಟಿಒ, ವಿಮೆ?

ಎಲ್ಲರೂ ಹಾರಿಸಿ ಓದುವ ಭಾಗ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಕೆಎ-19 ಇರಲಿ ಕೆಎ-20 ಇರಲಿ, 15 ವರ್ಷ ದಾಟಿದ ಕಾರು ನೋಂದಣಿ ನವೀಕರಣಕ್ಕೆ ಹೋದಾಗ ಬಾನೆಟ್ ತೆರೆಯಲೇಬೇಕು. ಅಪಘಾತವಾದರೆ ತಿಳಿಸದ ಬದಲಾವಣೆಯನ್ನೇ ಹಿಡಿದು ವಿಮಾ ಕಂಪೆನಿ ಹಣ ನಿರಾಕರಿಸಬಹುದು. ಕಾರನ್ನು ಟ್ರೇಲರಿನಲ್ಲಿ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಚೆನ್ನೈ ಬಳಿಯ ಟ್ರ್ಯಾಕಿಗೋ ಒಯ್ದು ಓಡಿಸುವವರ ಮಾತು ಬೇರೆ.

ಆನ್‌ಲೈನಿನಲ್ಲಿ ಎಲೆಕ್ಟ್ರಿಕ್ ಸೂಪರ್‌ಚಾರ್ಜರ್ ಸಿಗುತ್ತದಲ್ಲ?

ಅದು ಫ್ಯಾನ್. ಎಸ್ಟೀಮ್‌ಗೆ 6 ಪೌಂಡ್ ಕೊಡಲು ಸುಮಾರು 4 ಕಿಲೋವ್ಯಾಟ್ ಬೇಕು ಎಂದರೆ 12 ವೋಲ್ಟಿನಲ್ಲಿ ಮುನ್ನೂರಕ್ಕೂ ಹೆಚ್ಚು ಆಂಪಿಯರ್. ನಿಮ್ಮ ಆಲ್ಟರ್ನೇಟರ್ ಅದರ ಹತ್ತಿರಕ್ಕೂ ಬರುವುದಿಲ್ಲ.

ಎರಡನ್ನೂ ಒಟ್ಟಿಗೆ?

1985ರ ಲ್ಯಾನ್ಸಿಯಾ ಡೆಲ್ಟಾ ಎಸ್4 ರ್‍ಯಾಲಿ ಕಾರಿನಲ್ಲಿ ಇತ್ತು. ಫೋಕ್ಸ್‌ವ್ಯಾಗನ್ ಕೂಡ 1.4 ಎಂಜಿನ್‌ನಲ್ಲಿ ಮಾಡಿತು. ಅವರ ಹಿಂದೆ ಕಾರ್ಖಾನೆ ಇತ್ತು.

ಯಾರ ಹತ್ತಿರ ಮಾಡಿಸುವುದು?

ಹೆಸರು ಹೇಳುವುದಿಲ್ಲ. ಬೈಕಂಪಾಡಿಯಿಂದ ಮಣಿಪಾಲದವರೆಗೆ ಬೆಸುಗೆಯ ಕೈ ಚೆನ್ನಾಗಿರುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಪೈಪು ನೋಡಿ ಮರುಳಾಗಬೇಡಿ. ಗಾಳಿ–ಪೆಟ್ರೋಲ್ ಅನುಪಾತ ಯಾವುದರಲ್ಲಿ ಅಳೆಯುತ್ತೀರಿ, ನಾಕಿಂಗ್ ಹೇಗೆ ಹಿಡಿಯುತ್ತೀರಿ ಎಂದು ಕೇಳಿ. ‘ಅದೆಲ್ಲ ಎಂತಕ್ಕೆ ಮಾರಾಯ್ರೆ, ನನಗೆ ಕಿವಿಯಲ್ಲೇ ಗೊತ್ತಾಗ್ತದೆ’ ಎಂದರೆ ಚಹಾ ಕುಡಿದು, ಆಯಿಲ್ ಬದಲಿಸಿಕೊಂಡು, ಕಾರು ಮನೆಗೆ ತನ್ನಿ.